ಪದವಿನ ಮೇಲಿನ ಒಂದನೇ ಕ್ಲಾಸು

ಮೊನ್ನೆ ಮೊಮ್ಮಗಳ ಶಾಲೆಯಿಂದ ಒಂದು ಕಾಗದ ಬಂತು. ಶುಕ್ರವಾರ ಮಕ್ಕಳಿಗೆ ‘ನಿಸರ್ಗದ ಮಡಿಲಲ್ಲಿ ಕಲಿಕೆ’ ಅಂತೆ. ಟೊಪ್ಪಿ, ಎರಡು ಬಾಟ್ಲಿ ನೀರು, ಸೊಳ್ಳೆಗೆ ಹಚ್ಚುವ ಮುಲಾಮು, ಒಂದು ಜೊತೆ ಹೆಚ್ಚಿನ ಬಟ್ಟೆ ಕಳುಹಿಸಬೇಕು. ಮಗುವಿಗೆ ಏನಾದರೂ ಆದರೆ ಶಾಲೆ ಹೊಣೆಯಲ್ಲ ಎಂಬ ಸಾಲಿನ ಕೆಳಗೆ ತಂದೆಯೋ ತಾಯಿಯೋ ಸಹಿ ಹಾಕಬೇಕು. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಹೋಗುವುದು ಎಲ್ಲಿಗೆ ಎಂದು ನೋಡಿದರೆ ಶಾಲೆಯ ಹಿಂದಿನ ತೋಟಕ್ಕೆ! ಬಂಟ್ವಾಳದ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತರೆ ಆ ತೋಟ ಕಾಣುತ್ತದೆ.

ಮಗಳು ಸಹಿ ಹಾಕುತ್ತಾ ಕೇಳಿದಳು: “ನಿಮ್ಮ ಕಾಲದಲ್ಲಿ ಇಂಥದ್ದೆಲ್ಲ ಎಲ್ಲಿ ಇತ್ತು ಅಮ್ಮ?”

“ಇತ್ತು,” ಎಂದೆ. “ಬಟ್ಟೆ ಮಾತ್ರ ಹಳೆಯದೇ ಹಾಕಿ ಕಳಿಸು.”

ಆ ಬುದ್ಧಿಮಾತು ಎಲ್ಲಿಂದ ಬಂತೆಂದು ಅವಳು ಕೇಳಲಿಲ್ಲ. ನೀವು ಕೇಳುವಿರೆಂದು ಹೇಳುತ್ತಿದ್ದೇನೆ.

ನಾನು ಒಂದನೇ ಕ್ಲಾಸಿಗೆ ಸೇರಿದ್ದು ಐವತ್ತರ ದಶಕದ ಕೊನೆಗೆ. ಸರಿಯಾದ ಇಸವಿ ಕೇಳಬೇಡಿ. ನನ್ನ ಹುಟ್ಟಿದ ದಿನವನ್ನೇ ಹೆಡ್ ಮಾಸ್ಟ್ರು ನನ್ನ ಎತ್ತರ ನೋಡಿ ಅಂದಾಜಿನಲ್ಲಿ ಬರೆದುಕೊಂಡಿದ್ದರು. ಶಾಲೆ ಇದ್ದದ್ದು ನಾರಾವಿಗೆ ಹೋಗುವ ಮಾರ್ಗದಿಂದ ಒಂದು ಮೈಲು ಒಳಗೆ. ಒಂದೇ ಒಂದು ಉದ್ದನೆಯ ಕೋಣೆ, ಅದರಲ್ಲಿ ಐದು ಕ್ಲಾಸು, ಇಬ್ಬರು ಉಪಾಧ್ಯಾಯರು. ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದು ಮೂಲೆಯಲ್ಲಿ ಪದ್ಯ, ನಡುವೆ ಎಲ್ಲಿಯೋ ನಮ್ಮ ಅ ಆ ಇ ಈ. ಮಳೆ ಬಂದರೆ ಹಂಚಿನ ಸದ್ದಿನಲ್ಲಿ ಮೂರೂ ಕೇಳುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ನಮಗೆ ಕನ್ನಡ ಬರುತ್ತಿರಲಿಲ್ಲ. ಮನೆಯಲ್ಲಿ ತುಳು, ಗದ್ದೆಯಲ್ಲಿ ತುಳು, ಜಗಳಕ್ಕೂ ತುಳು. ಕನ್ನಡ ಎಂದರೆ ಶಾಲೆಯ ಗೋಡೆಯ ಒಳಗೆ ಮಾತ್ರ ಇರುವ ಒಂದು ವಸ್ತು, ಕರಿಹಲಗೆಯ ಹಾಗೆ. ಸೇರಿದ ದಿನ ಹೆಡ್ ಮಾಸ್ಟ್ರು ನನ್ನನ್ನು “ಹೆಸರೇನು?” ಎಂದು ಕೇಳಿದರು. ತುಳುವಿನಲ್ಲಿ ಹೆಸರಿಗೆ ‘ಪುದರ್’ ಎನ್ನುತ್ತಾರೆ. ಈ ‘ಹೆಸರು’ ಯಾವುದೋ ತರಬೇಕಾಗಿದ್ದ ಸಾಮಾನು, ಅಮ್ಮ ಕೊಡಲು ಮರೆತಿದ್ದಾಳೆ ಎಂದುಕೊಂಡು “ಇಜ್ಜಿ” ಎಂದೆ. ಇಲ್ಲ ಎಂದು. ನನ್ನ ಹೆಸರು ವನಜ ಎಂದು ಹಿಂದಿನಿಂದ ಯಾರೋ ಕೂಗಿ ಹೇಳಿದರು.

ನಮಗೆ ಕಲಿಸುತ್ತಿದ್ದವರು ಸುಮತಿ ಟೀಚರ್. ಮೂಡುಬಿದಿರೆಯ ಜೈನರ ಮನೆಯ ಹುಡುಗಿ. ಟ್ರೈನಿಂಗ್ ಮುಗಿಸಿ ಬಂದು ನಮ್ಮ ಊರಿನಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದರು. ಇಪ್ಪತ್ತೋ ಇಪ್ಪತ್ತೊಂದೋ ಪ್ರಾಯ ಇದ್ದೀತು. ನಮಗೆ ಆಗ ಅವರು ಬಹಳ ಹಿರಿಯರಾಗಿ ಕಾಣುತ್ತಿದ್ದರು. ಕೈಯಲ್ಲಿ ಯಾವಾಗಲೂ ಒಂದು ಕಪ್ಪು ಕೊಡೆ. ಅವರ ಸ್ವರ ಎಷ್ಟು ಮೆತ್ತಗೆ ಎಂದರೆ, ಹೆಡ್ ಮಾಸ್ಟ್ರ ಐದನೇ ಕ್ಲಾಸು ಒಮ್ಮೆ ಕೆಮ್ಮಿದರೆ ಟೀಚರ ಇಡೀ ಪಾಠ ಮುಳುಗಿಹೋಗುತ್ತಿತ್ತು. ಅವರು ಹೇಳಿದ್ದು ಕೇಳಿಸದೆ ನಾವು ನಮ್ಮ ನಮ್ಮೊಳಗೆ ಮಾತಾಡುತ್ತಿದ್ದೆವು. ನಾವು ಮಾತಾಡುವುದು ಮಾತ್ರ ಎಲ್ಲರಿಗೂ ಕೇಳಿಸುತ್ತಿತ್ತು.

ನವರಾತ್ರಿಯ ರಜೆ ಮುಗಿದು ಮಳೆ ನಿಂತ ಮೇಲೆ ಒಂದು ದಿನ ಹೆಡ್ ಮಾಸ್ಟ್ರಿಗೆ ಸಾಕಾಯಿತು. “ಟೀಚರೇ, ನಿಮ್ಮ ಈ ಸೈನ್ಯವನ್ನು ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ ಮಾರಾಯ್ರೆ. ಇವರ ಗೌಜಿಗೆ ನನ್ನವರು ಭಾಗಾಕಾರವೇ ಮರೀತಾ ಇದ್ದಾರೆ.”

ಮಾಸ್ಟ್ರು ಹೇಳಿದ ‘ಸ್ವಲ್ಪ ಹೊರಗೆ’ ಎಂದರೆ ಅಂಗಳ. ಟೀಚರ್ ಕರೆದುಕೊಂಡು ಹೋದದ್ದು ಪದವಿಗೆ. ಶಾಲೆಯ ಹಿಂದಿನ ಗುಡ್ಡ ಹತ್ತಿದರೆ ಮೇಲೆ ಚಾಪೆ ಹಾಸಿದ ಹಾಗೆ ಕೆಂಪು ಮುರಕಲ್ಲಿನ ಬಯಲು. ಅದನ್ನೇ ನಾವು ಪದವು ಎನ್ನುವುದು. ಅಲ್ಲಿ ಯಾರ ಮಗ್ಗಿಯೂ ಕೇಳುತ್ತಿರಲಿಲ್ಲ. ಟೀಚರ ಸ್ವರ ಮೊದಲ ಸಲ ಪೂರ್ತಿ ನಮ್ಮ ಕಿವಿಗೆ ಬಿದ್ದದ್ದು ಅಲ್ಲಿ. ಒಳ್ಳೆಯ ಸ್ವರ ಅದು. ಮಾರನೆಯ ದಿನವೂ ಹೋದೆವು. ಅದರ ಮಾರನೆಯ ದಿನ ಯಾರೂ ಹೇಳದೆಯೇ ಸ್ಲೇಟು ಹಿಡಿದು ಗುಡ್ಡದ ಕಡೆ ಮುಖ ಮಾಡಿ ನಿಂತೆವು.

ಅದಕ್ಕೆ ಒಂದು ಕ್ರಮವೂ ಇತ್ತು. ಹೊರಡುವ ಮೊದಲು ಟೀಚರ್ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸುತ್ತಿದ್ದರು. ಇಪ್ಪತ್ತಮೂರು ತಲೆ. ಗಿಡದಿಂದ ಎಲೆ ಕೀಳುವ ಹಾಗಿಲ್ಲ, ಬಿದ್ದದ್ದನ್ನು ಹೆಕ್ಕಬಹುದು. ಇರುವೆಯ ಸಾಲು ಬಂದರೆ ದಾಟಿ ಹೋಗಬೇಕು, ತುಳಿಯಬಾರದು. ಕೂಡಿಸುವ ಲೆಕ್ಕ ಕಲಿತದ್ದು ಅದೇ ಸಾಲಿನಲ್ಲಿ. ಅಕ್ಕಿಯ ಕಾಳು ಹೊತ್ತ ಇರುವೆ ಎಷ್ಟು, ಖಾಲಿ ಹೋಗುವುದು ಎಷ್ಟು, ಒಟ್ಟು ಎಷ್ಟು? ಇರುವೆಗಳು ನಿಲ್ಲುವುದಿಲ್ಲವಾದ್ದರಿಂದ ಎಲ್ಲರ ಉತ್ತರವೂ ಬೇರೆ ಬೇರೆ, ಎಲ್ಲರದೂ ಸರಿ. ಆ ಸೌಭಾಗ್ಯ ಮುಂದೆ ಯಾವ ಲೆಕ್ಕದಲ್ಲಿಯೂ ನನಗೆ ಸಿಗಲಿಲ್ಲ. ಅಕ್ಷರ ಬರೆಯುತ್ತಿದ್ದದ್ದು ತೋಡಿನ ಬದಿಯ ಹೊಯ್ಗೆಯಲ್ಲಿ, ಎಂದರೆ ಮರಳಿನಲ್ಲಿ, ಬೆರಳಿನಿಂದ. ಸ್ಲೇಟು ಒರೆಸಲು ಕಲ್ಲಿನ ಸಂದಿಯಲ್ಲಿ ಬೆಳೆಯುವ, ದಂಟಿನ ತುಂಬ ನೀರಿರುವ ನೀರುಕಡ್ಡಿ ಗಿಡ. ಹೀಗೆ ಎಲ್ಲವೂ ಅಲ್ಲಿಯೇ ಉಂಟು.

ಕನ್ನಡ ಬಂದದ್ದೂ ಅಲ್ಲಿಯೇ. ಟೀಚರ್ ಒಂದೊಂದನ್ನೇ ತೋರಿಸಿ ನಮ್ಮಿಂದ ತುಳು ಕೇಳುವುದು, ಆಮೇಲೆ ಅವರು ಕನ್ನಡ ಹೇಳುವುದು. ನನ್ನ ಪಕ್ಕ ಕೂರುತ್ತಿದ್ದವಳು ಐಸಮ್ಮ. ಅವಳ ಮನೆಯ ಮಾತು ಬ್ಯಾರಿ. ಅವಳಿಗೆ ತುಳುವೂ ಹೊರಗಿನದು, ಕನ್ನಡವೂ ಹೊರಗಿನದು. ಹೊರಗಿನವಳಾದ್ದರಿಂದ ನಮಗೆ ಕಾಣದ್ದು ಅವಳಿಗೆ ಕಂಡಿತು. ಒಂದು ದಿನ ಎದ್ದು ನಿಂತು ಹೇಳಿದಳು: “ಟೀಚರ್, ಪೂ ಅಂದ್ರೆ ಹೂ. ಪಕ್ಕಿ ಅಂದ್ರೆ ಹಕ್ಕಿ. ಪಿಲಿ ಅಂದ್ರೆ ಹುಲಿ. ತುಳುವಿನ ಪ ತೆಗೆದು ಹ ಇಟ್ರೆ ಕನ್ನಡ!”

ಟೀಚರ್ ಕೈಯಲ್ಲಿದ್ದ ಕೊಡೆ ಕೆಳಗಿಟ್ಟು ಅವಳನ್ನೇ ನೋಡಿದರು. “ಇದು ನನಗೆ ಟ್ರೈನಿಂಗಿನಲ್ಲಿ ಯಾರೂ ಹೇಳಿ ಕೊಡ್ಲಿಲ್ಲ ಐಸಮ್ಮ,” ಎಂದರು.

ಅಂದಿನಿಂದ ನಮ್ಮನ್ನು ಹಿಡಿಯುವವರಿಲ್ಲ. ಪುಳಿ ಹುಳಿಯಾಯಿತು, ಪೊಸತು ಹೊಸತಾಯಿತು. ಅಷ್ಟಕ್ಕೇ ನಿಲ್ಲಿಸುವ ಜಾಣ್ಮೆ ಬೇರೆಯವರಿಗೆ ಇತ್ತೇನೋ, ನನಗಿರಲಿಲ್ಲ. ನನ್ನ ಬಾಯಲ್ಲಿ ಪುಸ್ತಕ ಹುಸ್ತಕವಾಯಿತು, ಪೆನ್ಸಿಲು ಹೆನ್ಸಿಲಾಯಿತು. ಇರುವೆಗೆ ತುಳುವಿನಲ್ಲಿ ಪಿಜಿನ್, ನನ್ನ ಕನ್ನಡದಲ್ಲಿ ಅದು ಹಿಜಿನ್. ಒಂದು ಸಂಜೆ ಮಾವನನ್ನು “ಹೇಟೆಗೆ ಹೋಗಿದ್ರಾ?” ಎಂದು ಕೇಳಿದೆ. ಅವರು ಅಮ್ಮನನ್ನು ಕರೆದು, ಮಗುವಿಗೆ ಗಂಟಲು ಕೆಟ್ಟಿದೆ, ಶುಂಠಿ ಕಷಾಯ ಮಾಡಿ ಕೊಡು ಎಂದರು. ಕುಡಿದೆ.

ಈ ಮಾವನ ವಿಷಯ ಹೇಳಬೇಕು. ನಮ್ಮಲ್ಲಿ ಮನೆಯ ಯಜಮಾನಿಕೆ ಸೋದರಮಾವನದು. ಅಮ್ಮನ ಅಣ್ಣ ಇವರು. ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಆದ್ದರಿಂದ ಶಾಲೆಯ ಎಲ್ಲ ವಿಷಯಕ್ಕೂ ಅವರ ಒಂದು ಮಾತು ಇರುತ್ತಿತ್ತು. ಒಂದನೇ ಕ್ಲಾಸು ಪದವಿನಲ್ಲಿ ನಡೆಯುತ್ತದೆ ಎಂದು ತಿಳಿದಾಗ ಟೀಚರನ್ನು ದಾರಿಯಲ್ಲಿ ನಿಲ್ಲಿಸಿ ಕೇಳಿಯೇ ಬಿಟ್ಟರು: “ಗುಡ್ಡ ತಿರುಗ್ಲಿಕ್ಕೆ ನಮ್ಮ ದನಗಳು ಉಂಟಲ್ಲ ಟೀಚರೇ. ಮಕ್ಕಳನ್ನು ಶಾಲೆಗೆ ಯಾಕೆ ಕಳಿಸ್ಬೇಕು?”

“ಕಲೀತಾರೆ ಶೆಟ್ರೇ. ಸ್ವಲ್ಪ ದಿನ ನೋಡಿ,” ಎಂದರು ಟೀಚರ್.

“ನೋಡ್ತೇನೆ,” ಎಂದರು ಮಾವ. ಆ ‘ನೋಡ್ತೇನೆ’ಯಲ್ಲಿ ಬೇರೆ ಅರ್ಥ ಇತ್ತು.

ಶಿವರಾತ್ರಿ ಕಳೆದ ಮೇಲೆ ಇರಬೇಕು. ಮೂಡುಬಿದಿರೆಯಿಂದ ನನಗೊಂದು ಹಸುರು ಲಂಗ ಬಂದಿತ್ತು, ಕೆಳಗೆ ಹಳದಿ ಪಟ್ಟಿಯದು. ಮುಂದಿನ ಹಬ್ಬಕ್ಕೆ ಎಂದು ಅಮ್ಮ ಪೆಟ್ಟಿಗೆಯಲ್ಲಿಟ್ಟಿದ್ದಳು. ಹಬ್ಬದವರೆಗೆ ಕಾಯುವ ತಾಳ್ಮೆ ಯಾರಿಗುಂಟು? ಅಮ್ಮ ಕೊಟ್ಟಿಗೆಯಲ್ಲಿದ್ದ ಹೊತ್ತು ನೋಡಿ ಅದನ್ನು ಹಾಕಿಕೊಂಡು ಶಾಲೆಗೆ ಓಡಿದೆ. ಟೀಚರ್ ಚಂದ ಉಂಟು ಎಂದರು. ಐಸಮ್ಮ ಮುಟ್ಟಿ ಮುಟ್ಟಿ ನೋಡಿದಳು.

ಮಧ್ಯಾಹ್ನದ ಮೇಲೆ ಪದವಿಗೆ ಹೋದೆವು. ಅದರ ಆಚೆ ಅಂಚಿನಲ್ಲಿ ಚೂರಿಮುಳ್ಳಿನ ಪೊದೆ, ತುಂಬ ಬಿಳಿ ಹಣ್ಣು. ಟೀಚರ್ ಈಚೆ ಬದಿಯಲ್ಲಿ ಮೂರು ನಾಲ್ಕು ಮಕ್ಕಳ ಕೈ ಹಿಡಿದು ಬರೆಸುತ್ತಿದ್ದರು. ನಾನು ಮೆಲ್ಲನೆ ಜಾರಿದೆ. ಬಿದ್ದ ಹಣ್ಣು ಹೆಕ್ಕಿದ್ದರೆ ಏನೂ ಆಗುತ್ತಿರಲಿಲ್ಲ. ಮೇಲಿನ ಹಣ್ಣಿಗೆ ಕೈ ಹಾಕಿ ಪೊದೆಯೊಳಗೆ ನುಗ್ಗಿದೆ. ಹೊರಗೆ ಬರುವಾಗ ಪರ್‍ರ್ ಎಂದು ಸದ್ದಾಯಿತು. ಹಳದಿ ಪಟ್ಟಿ ಅರ್ಧ ಮುಳ್ಳಿನಲ್ಲಿ, ಅರ್ಧ ನನ್ನಲ್ಲಿ.

ಅಮ್ಮನ ಕೈ ಕಣ್ಣ ಮುಂದೆ ಬಂತು. ಮತ್ತೇನೂ ಹೊಳೆಯಲಿಲ್ಲ. ಒಳದಾರಿಯಲ್ಲಿ ಇಳಿದು ಮನೆಗೆ ಓಡಿದೆ. ಹಿತ್ತಲ ಬಾಗಿಲಿನಿಂದ ನುಗ್ಗಿ ಹಳೆಯ ಲಂಗ ಹಾಕಿಕೊಂಡು, ಹರಿದದ್ದನ್ನು ಸುರುಟಿ ಪತ್ತಾಯದ ಹಿಂದೆ ತುರುಕಿದೆ. ಪತ್ತಾಯ ಎಂದರೆ ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ. ಅದರ ಹಿಂದೆ ಕತ್ತಲೆ, ತಂಪು. ಶಾಲೆಗೆ ವಾಪಸು ಹೋಗಲು ಹೆದರಿಕೆ, ಅಮ್ಮನ ಎದುರಿಗೆ ಹೋಗಲು ಇನ್ನೂ ಹೆದರಿಕೆ. ಲಂಗದ ಪಕ್ಕದಲ್ಲಿ ನಾನೂ ಕೂತೆ. ಕೂತಲ್ಲಿಯೇ ನಿದ್ದೆ ಬಂತು.

ಎಚ್ಚರವಾದದ್ದು ಬೊಬ್ಬೆ ಕೇಳಿ. ಅಂಗಳದಲ್ಲಿ ಯಾರೋ ಓಡುತ್ತಿದ್ದಾರೆ. ಅಮ್ಮ ಅಳುತ್ತಿದ್ದಾಳೆ. “ಕೋರೆಯ ನೀರಿಗೆ ಉದ್ದದ ಬಿದಿರು ತನ್ನಿ,” ಎಂದು ಮಾವನ ಸ್ವರ. ಪದವಿನ ಬದಿಯಲ್ಲಿ ಕಲ್ಲು ಕಡಿದು ಬಿಟ್ಟ ಹಳೆಯ ಕೋರೆ ಒಂದಿತ್ತು, ಆಳಕ್ಕೆ ನೀರು. ಅದರಲ್ಲಿ ಹುಡುಕುತ್ತಿರುವುದು ನನ್ನನ್ನು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿದ ಮೇಲೆ ಹಿತ್ತಲಿನಿಂದ ಸುತ್ತಿ ಬಂದು ಅಂಗಳದ ತುದಿಯಲ್ಲಿ ನಿಂತೆ.

ಮೊದಲು ನೋಡಿದವಳು ಅಮ್ಮ. ಹೊಡೆಯಲಿಲ್ಲ. ಓಡಿ ಬಂದು ತಬ್ಬಿಕೊಂಡಳು, ಮೂಳೆ ನೋಯುವಷ್ಟು. ಮಾವ ಜಗಲಿಯ ಮೇಲೆ ದೊಪ್ಪನೆ ಕೂತು ಮುಖ ಒರೆಸಿಕೊಂಡರು. ಆಗ ಗುಡ್ಡದ ದಾರಿಯಿಂದ ಟೀಚರ್ ಇಳಿದು ಬಂದರು. ಸೀರೆ ಮೊಣಕಾಲಿನವರೆಗೆ ಕೆಸರು, ತಲೆಗೂದಲು ಬಿಚ್ಚಿ ಹೋಗಿದೆ, ಕೈಯಲ್ಲಿ ಕೊಡೆ ಇಲ್ಲ. ನನ್ನನ್ನು ನೋಡಿ ಅಲ್ಲಿಯೇ ನಿಂತುಬಿಟ್ಟರು.

“ಎಲ್ಲಿದ್ದೆ ನೀನು?” ಎಂದು ಮಾವ ಕೇಳಿದರು.

ನಿಜ ಹೇಳಿದರೆ ಲಂಗ ಹೊರಗೆ ಬರುತ್ತದೆ. “ಟೀಚರ್ ನನ್ನನ್ನು ಬಿಟ್ಟು ಬಂದ್ರು,” ಎಂದೆ. “ನಾನು ಒಬ್ಬಳೇ ಬಂದೆ.”

ಟೀಚರ್ ನನ್ನ ಮುಖ ನೋಡಿದರು. ಆಮೇಲೆ ನನ್ನ ಹಳೆಯ ಲಂಗ ನೋಡಿದರು. ಅವರ ಬಲಗೈ ಮುಷ್ಟಿ ಕಟ್ಟಿತ್ತು, ಅದನ್ನು ಮೆಲ್ಲಗೆ ಸೆರಗಿನೊಳಗೆ ತೆಗೆದುಕೊಂಡರು.

ಮಾವ ಹೇಳಬೇಕಾದ್ದನ್ನೆಲ್ಲ ಹೇಳಿದರು. ಟೀಚರ್ ತಲೆ ತಗ್ಗಿಸಿ ಕೇಳಿದರು. “ಎಣಿಸದೆ ಇಳಿದದ್ದು ನನ್ನ ತಪ್ಪು ಶೆಟ್ರೇ,” ಎಂದು ಇಷ್ಟೇ. ಹೋಗುವಾಗ ಅಮ್ಮನಿಗೆ ಪಾಪ ಅನ್ನಿಸಿತು. “ಒಂದು ತುತ್ತು ಉಂಡು ಹೋಗಿ ಟೀಚರೇ, ಬೆಳಗ್ಗೆ ತಿಂದದ್ದು ಇರ್ಬೇಕು.”

ಟೀಚರ್ ಪಡುವಣ ಕಡೆ ನೋಡಿದರು. “ಹೊತ್ತು ಕಂತಿತು ಅಮ್ಮ. ಇನ್ನು ನಾಳೆ.” ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಆ ದಿನ ನೀರು ಕೂಡ ಕುಡಿಯಲಿಲ್ಲ. ನಾನು ಮಾತ್ರ ಎರಡು ಸಲ ಬಡಿಸಿಕೊಂಡು ಉಂಡೆ, ಅಮ್ಮ ಬೆಲ್ಲ ಬೇರೆ ಕೊಟ್ಟಳು. ಆ ಬೆಲ್ಲ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು.

ಮರುದಿನದಿಂದ ಪದವು ಬಂದ್. ನಾವು ಪುನಃ ಆ ಉದ್ದನೆಯ ಕೋಣೆಯ ಮೂಲೆ ಸೇರಿದೆವು. ಟೀಚರ ಸ್ವರ ಪುನಃ ಮುಳುಗಿತು. ಕಿಟಿಕಿಯಿಂದ ಗುಡ್ಡ ಕಾಣುತ್ತದೆ, ಹೋಗುವ ಹಾಗಿಲ್ಲ. ಐಸಮ್ಮ ನನ್ನ ಕಿವಿಯಲ್ಲಿ ಕೇಳಿದಳು: “ನಿನ್ನ ಹಸುರು ಲಂಗ ಎಲ್ಲಿ?” ನಾನು ಆಚೆ ತಿರುಗಿ ಕೂತೆ. ಟೀಚರ್ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಬರೆದದ್ದು ತಪ್ಪಾದರೆ ಮೊದಲಿನ ಹಾಗೆಯೇ ಕೈ ಹಿಡಿದು ತಿದ್ದುತ್ತಿದ್ದರು. ಒಂದು ಪೆಟ್ಟು ಕೊಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೀಗೆ ಎರಡು ಮೂರು ವಾರ ಕಳೆಯಿತು. ಒಂದು ಭಾನುವಾರ ಬೆಳಗ್ಗೆ ಹೆಡ್ ಮಾಸ್ಟ್ರು ನಮ್ಮ ಮನೆಗೆ ಬಂದರು. ಮಾವ ಬರೆಯಲು ಹೇಳಿದ್ದರು, ಬೆಳ್ತಂಗಡಿಗೆ, ಮೇಲಿನವರಿಗೆ. ಟೀಚರನ್ನು ಇಲ್ಲಿಂದ ತೆಗೆಯಬೇಕೆಂದು. ಮಾಸ್ಟ್ರಿಗೆ ಮನಸ್ಸಿಲ್ಲ, ಆದರೆ ಮಾವನಿಗೆ ಇಲ್ಲ ಎನ್ನುವ ಧೈರ್ಯವೂ ಇಲ್ಲ. ನಾನು ಚಾವಡಿಯ ಕಂಬದ ಹಿಂದೆ ಇದ್ದೆ. ಬರೆದದ್ದನ್ನು ಮಾಸ್ಟ್ರು ಗಟ್ಟಿಯಾಗಿ ಓದಿದರು: “ಸದರಿ ಶಿಕ್ಷಕಿಯು ಆರು ವರ್ಷದ ಹೆಣ್ಣುಮಗುವನ್ನು ಗುಡ್ಡದ ಮೇಲೆ ಒಂಟಿಯಾಗಿ ಬಿಟ್ಟು ಬಂದಿರುತ್ತಾರೆ…”

ನನಗೆ ಅರ್ಥವಾಯಿತು. ಜೂನ್ ತಿಂಗಳಿನಲ್ಲಿ ಹೆಸರು ಎಂದರೇನೆಂದು ತಿಳಿಯದ ನನಗೆ ಆ ಇಡೀ ಸಾಲು ಅರ್ಥವಾಯಿತು. ಸದರಿ ಒಂದು ಬಿಟ್ಟು. ಗುಡ್ಡ, ಹೆಣ್ಣು, ಮಗು, ಬಿಟ್ಟು, ಬರುವುದು: ಒಂದೊಂದು ಶಬ್ದವನ್ನೂ ಟೀಚರ್ ಪದವಿನ ಮೇಲೆ ನಿಂತು ಕಲಿಸಿದ್ದರು. ತುಳುವಿನಲ್ಲಿ ಹೇಳಿದ ಸುಳ್ಳು ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಕಾಗದದಲ್ಲಿ ಕನ್ನಡವಾಗಿ ಅದು ತುಂಬ ದೊಡ್ಡದಿತ್ತು.

ಕಂಬ ಬಿಟ್ಟು ಮುಂದೆ ಬಂದೆ. ಕಾಗದ ಕನ್ನಡದಲ್ಲಿದ್ದುದರಿಂದ ಉತ್ತರವೂ ಕನ್ನಡದಲ್ಲೇ ಆಗಬೇಕು ಎಂದು ತೋರಿತು.

“ಅದು ತಪ್ಪು. ಟೀಚರ್ ಬಿಟ್ಟು ಬರಲಿಲ್ಲ. ನಾನು ಓಡಿ ಬಂದೆ.”

ಮಾಸ್ಟ್ರು ಕಾಗದದಿಂದ ತಲೆ ಎತ್ತಿದರು. ಮಾವ ಕಣ್ಣು ಸಣ್ಣ ಮಾಡಿದರು. “ಯಾಕೆ ಓಡಿ ಬಂದದ್ದು?”

“ಲಂಗ ಹರಿಯಿತು. ಹೊಸ ಲಂಗ.”

“ಎಲ್ಲಿ ಉಂಟು ಅದು ಈಗ?”

“ಹತ್ತಾಯದ ಹಿಂದೆ.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹೆಡ್ ಮಾಸ್ಟ್ರಿಗೆ ಮೊದಲು ತಿಳಿಯಿತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು, ಬಾಯಿ ಮುಚ್ಚಿಕೊಂಡು, ಹೊಟ್ಟೆ ಕುಣಿಸಿಕೊಂಡು. ಅಮ್ಮ ಒಳಗೆ ಹೋಗಿ ಪತ್ತಾಯದ ಹಿಂದಿನಿಂದ ಲಂಗ ತಂದು ಮಾವನ ಎದುರಿಗೆ ಹಿಡಿದಳು. ಮೂರು ವಾರದಲ್ಲಿ ಇಲಿಗಳೂ ಅದರ ಮೇಲೆ ತಮ್ಮ ಕೆಲಸ ಮಾಡಿದ್ದವು.

ಮಾವ ನಗಲಿಲ್ಲ. ತುಂಬ ಹೊತ್ತು ಲಂಗ ನೋಡಿದರು, ಆಮೇಲೆ ನನ್ನನ್ನು. “ಇಷ್ಟು ಕನ್ನಡ ಯಾವಾಗ ಕಲಿತಳು ಇವಳು?” ಎಂದು ಮಾಸ್ಟ್ರನ್ನು ಕೇಳಿದರು.

“ನಾನಂತೂ ಕಲಿಸ್ಲಿಲ್ಲ ಶೆಟ್ರೇ,” ಎಂದರು ಮಾಸ್ಟ್ರು. ಕಾಗದವನ್ನು ನಾಲ್ಕಾಗಿ ಮಡಚಿ, ಕೇಳದೆಯೇ, ತಮ್ಮ ಕಿಸೆಗೆ ಹಾಕಿಕೊಂಡರು.

ಅಮ್ಮನ ಪೆಟ್ಟು ಬಿತ್ತು, ಎರಡು. ಅದು ಬಿದ್ದ ಮೇಲೆ ಎದೆಯ ಮೇಲಿನ ಅಕ್ಕಿಮುಡಿ ಯಾರೋ ಇಳಿಸಿಕೊಂಡ ಹಾಗಾಯಿತು. ಆ ದಿನ ನಾನು ಕಾರಣವಿಲ್ಲದೆ ಅಂಗಳದಲ್ಲಿ ಸುತ್ತು ಓಡಿದೆ.

ಸೋಮವಾರ ಮಾವ ನನ್ನ ಕೈ ಹಿಡಿದು ಶಾಲೆಗೆ ಬಂದರು. ತಪ್ಪಾಯಿತು ಎನ್ನುವ ಮಾತು ಅವರ ಬಾಯಿಗೆ ಬರುವಂಥದ್ದಲ್ಲ. ಟೀಚರ ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡರು. “ಇವಳು ಎಲ್ಲ ಹೇಳಿದ್ದಾಳೆ ಟೀಚರೇ. ನೀವು ಆ ದಿನವೇ ಹೇಳ್ಬಹುದಿತ್ತು.”

ಟೀಚರ್ ಮೇಜಿನ ಡ್ರಾಯರ್ ಎಳೆದು ಒಂದು ಹಳದಿ ಬಟ್ಟೆಯ ಚೂರು ತೆಗೆದರು. “ಕೋರೆಯ ಹತ್ತಿರದ ಮುಳ್ಳಿನಲ್ಲಿ ಸಿಕ್ಕಿತ್ತು. ಇದನ್ನು ನೋಡಿ ಮಗು ಕೋರೆಗೆ ಬಿದ್ದಿದೆ ಅಂತಲೇ ಗ್ರಹಿಸಿದೆ ಶೆಟ್ರೇ. ಬದುಕಿ ಬಂದು ಎದುರಿಗೆ ನಿಂತಾಗ, ಅವಳು ಏನು ಹೇಳಿದ್ರೂ ಆಗ್ಬಹುದು ಅನ್ನಿಸಿತು ನನಗೆ. ಮತ್ತೆ ಪೆಟ್ಟು ಯಾಕೆ ಬೀಳಿಸ್ಬೇಕು?”

“ಪೆಟ್ಟು ಬಿತ್ತು ಟೀಚರ್,” ಎಂದೆ. “ಎರಡು.”

“ಎರಡೇನಾ?” ಎಂದರು ಟೀಚರ್. ಅವರೂ ನಕ್ಕರು, ನಗುತ್ತಾ ಕಣ್ಣು ಒರೆಸಿಕೊಂಡರು.

ಮಾವ ಬಾಗಿಲ ಕಡೆ ತಿರುಗಿದರು. ಹೋಗುತ್ತಾರೆ ಎಂದುಕೊಂಡರೆ, ಹೊಸ್ತಿಲಲ್ಲಿ ನಿಂತು ಕೇಳಿದರು: “ಈಗ ಹೊರಡುವುದಲ್ವಾ? ನಾನೂ ಬರ್ತೇನೆ. ಎಂಥ ಕಲಿಸ್ತೀರಿ ನೋಡುವ.”

ಟೀಚರ್ ತಲೆ ಮುಟ್ಟಿ ಎಣಿಸಿದರು. ನಾವು ಗುಡ್ಡ ಹತ್ತಿದೆವು. ಅಂದಿನಿಂದ ಮೇಲೆ ಒಮ್ಮೆ, ನಡುವೆ ಎರಡು ಸಲ, ಇಳಿಯುವ ಮೊದಲು ಒಮ್ಮೆ ಎಣಿಸುವುದು ಕಾಯಂ ಆಯಿತು. ಆ ದಿನ ಮಾವ ದಪ್ಪ ಚಪ್ಪಲಿ ಹಾಕಿ ಎಲ್ಲರಿಗಿಂತ ಮುಂದೆ, ತಮ್ಮದೇ ಜಾಗ ಎಂಬ ಹಾಗೆ ನಡೆಯುತ್ತಿದ್ದರು. ಪದವಿನ ನಡುವಿಗೆ ಬಂದಾಗ ಒಂದು ಹಕ್ಕಿ ಚೀರುತ್ತಾ ನಮ್ಮ ತಲೆಯ ಮೇಲೆಯೇ ಹಾರತೊಡಗಿತು. ಉದ್ದ ಹಳದಿ ಕಾಲು, ಕಣ್ಣಿನ ಹತ್ತಿರ ಕೆಂಪು.

“ನಿಲ್ಲಿ! ಕಾಲು ಇಡ್ಬೇಡಿ!” ಎಂದು ಐಸಮ್ಮ ಕಿರುಚಿದಳು.

ಮಾವ ಒಂದು ಕಾಲು ಎತ್ತಿದವರು ಹಾಗೆಯೇ ನಿಂತರು. ಅವರ ಚಪ್ಪಲಿಯಿಂದ ಒಂದು ಗೇಣು ಮುಂದೆ, ಬರೀ ಕಲ್ಲಿನ ಮೇಲೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ. ಗೂಡಿಲ್ಲ, ಹುಲ್ಲಿಲ್ಲ. ಮಾವ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟರು, ಬಹಳ ಜಾಗ್ರತೆಯಿಂದ.

“ಇದಕ್ಕೆ ಕನ್ನಡದಲ್ಲಿ ಏನು ಹೇಳ್ತಾರೆ ಟೀಚರೇ?” ಎಂದು ಕೇಳಿದರು. ಪಿಸುಮಾತಿನಲ್ಲಿ ಕೇಳಿದರು.

“ನನಗೂ ಗೊತ್ತಿಲ್ಲ,” ಎಂದರು ಟೀಚರ್. “ಕೇಳಿ ತಿಳ್ಕೊಂಡು ಹೇಳ್ತೇನೆ. ಈಗ ದೂರ ಹೋಗಿ ಕೂತು ನೋಡುವ.”

ನಾವು ಅಷ್ಟು ದೂರ ಸರಿದು ಬಂಡೆಯ ಮರೆಯಲ್ಲಿ ಕೂತೆವು. ಇಪ್ಪತ್ತಮೂರು ಮಕ್ಕಳು, ಟೀಚರ್, ಮಾವ. ಹಕ್ಕಿ ಮೇಲೆ ಸುತ್ತು ಹೊಡೆಯಿತು, ಚೀರಿತು, ದೂರ ಇಳಿಯಿತು, ಎರಡು ಹೆಜ್ಜೆ ಓಡಿ ನಿಂತು ನಮ್ಮ ಕಡೆ ನೋಡಿತು. ಪುನಃ ಎರಡು ಹೆಜ್ಜೆ. ಐಸಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಕೊನೆಗೆ ಅದು ಮೊಟ್ಟೆಗಳ ಹತ್ತಿರ ಬಂದು, ಒಂದೊಂದನ್ನೂ ಕೊಕ್ಕಿನಿಂದ ಸ್ವಲ್ಪ ಸರಿಮಾಡಿ, ಹೊಟ್ಟೆಯ ಗರಿ ಬಿಡಿಸಿ, ನಾಲ್ಕರ ಮೇಲೂ ಮೆಲ್ಲಗೆ ಕೂತಿತು.

ಮಾವ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟರು. ಅದು ನಮಗೆಲ್ಲರಿಗೂ ಕೇಳಿಸಿತು.